ಪದೇ ಪದೇ ಉಳುಕುವ ಕಣಕಾಲು: ಯುವ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೂ ಅವರ ತರಬೇತುದಾರರಿಗೂ ಒಂದು ಮಾರ್ಗದರ್ಶಿ

ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗ ಹುಡುಗಿಯರಲ್ಲಿ ಕಣಕಾಲು ಉಳುಕುವುದು ಎಷ್ಟು ಸಾಮಾನ್ಯವೆಂದರೆ, ಅದನ್ನೊಂದು ಗಾಯವೆಂದು ಎಣಿಸುವವರೇ ವಿರಳ. ನಾಲ್ಕು ದಿನ ಕುಂಟುತ್ತಾರೆ, ಊತ ಇಳಿಯುತ್ತದೆ, ಎಲಾಸ್ಟಿಕ್ ಪಟ್ಟಿ ಸುತ್ತಿಕೊಂಡು ಮರುವಾರವೇ ಅಂಕಣಕ್ಕೆ ಇಳಿಯುತ್ತಾರೆ. ಕೆಲವು ತಿಂಗಳ ಬಳಿಕ ಅದೇ ಕಾಲು ಮತ್ತೆ ಹೊರಳುತ್ತದೆ. ಈ ಸಲ ನೋವು ಮೊದಲಿನಷ್ಟು ಇಲ್ಲದಿರುವುದರಿಂದ ಅದರತ್ತ ಗಮನವೂ ಹೋಗುವುದಿಲ್ಲ. ಕೊನೆಗೆ ಸಮತಟ್ಟಾದ ನೆಲದಲ್ಲಿ ನಡೆಯುವಾಗಲೂ ಕಾಲು ಕೈಕೊಟ್ಟೀತು ಎಂಬ ಅಳುಕು ಉಳಿದುಬಿಡುತ್ತದೆ. ಈ ಸ್ಥಿತಿಯನ್ನೇ ವೈದ್ಯರು ಕಣಕಾಲಿನ ದೀರ್ಘಕಾಲೀನ ಅಸ್ಥಿರತೆ ಎಂದು ಕರೆಯುತ್ತಾರೆ.

ಮೊದಲ ಬಾರಿ ಕಣಕಾಲು ಉಳುಕಿಸಿಕೊಂಡವರಲ್ಲಿ ಸುಮಾರು ಶೇ 40ರಷ್ಟು ಮಂದಿಯವರೆಗೂ ಈ ತೊಂದರೆ ಮುಂದುವರಿಯಬಹುದು ಎಂದು ಸಂಶೋಧನೆಗಳು ಹೇಳುತ್ತವೆ. ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರರ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹಿಂದೆ ಕಣಕಾಲಿಗೆ ಪೆಟ್ಟು ಬಿದ್ದವರಿಗೆ ಮತ್ತೆ ಗಾಯವಾಗುವ ಸಂಭವ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತು. ಆ ಅಧ್ಯಯನದಲ್ಲಿ ಗಾಯಗೊಂಡವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾವ ತಜ್ಞರ ಬಳಿಗೂ ಹೋಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಎರಡು ಸಂಗತಿಗಳಿಗೆ ನೇರ ಸಂಬಂಧವಿದೆ. ನೋವು ಹೋದ ದಿನವೇ ಕಾಲು ವಾಸಿಯಾಯಿತೆಂದು ನಂಬುವುದರಿಂದ, ನಿಜವಾದ ಚಿಕಿತ್ಸೆ ಶುರುವಾಗಬೇಕಾದ ಹೊತ್ತಿಗೆ ಅದನ್ನು ಕೈಬಿಡಲಾಗುತ್ತದೆ. ಆದ್ದರಿಂದ ಮುಂದಿನ ಪ್ರತಿ ಹಂತದಲ್ಲೂ ನೋವಿದೆಯೇ ಇಲ್ಲವೇ ಎಂಬುದರ ಜೊತೆಗೆ ಅಳತೆ ಮಾಡಿ ನೋಡಬಹುದಾದ ಗುರುತುಗಳನ್ನೂ ಕೊಟ್ಟಿದ್ದೇನೆ.

ಕೀಲಿನೊಳಗೆ ಏನಾಗುತ್ತದೆ

ಕಣಕಾಲಿನ ಹೊರಬದಿಯಲ್ಲಿ ಮೂಳೆಗೆ ಮೂಳೆಯನ್ನು ಬಿಗಿದಿಡುವ ಮೂರು ಅಸ್ಥಿರಜ್ಜುಗಳಿವೆ. ಆಡುಮಾತಿನಲ್ಲಿ ಇವನ್ನೇ ಲಿಗಮೆಂಟ್ ಎನ್ನುತ್ತೇವೆ. ಇವುಗಳಲ್ಲಿ ಮುಂಬದಿಯದು ಎಲ್ಲಕ್ಕಿಂತ ದುರ್ಬಲ, ಹರಿಯುವುದರಲ್ಲಿಯೂ ಅದೇ ಮೊದಲು. ರಿಬೌಂಡ್‌ಗಾಗಿ, ಎಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗಾಗಿ, ನೆಗೆದ ಆಟಗಾರ ಕೆಳಗಿಳಿಯುವಾಗ ಇನ್ನೊಬ್ಬರ ಶೂ ಮೇಲೆ ಕಾಲೂರುತ್ತಾನೆ ಎಂದುಕೊಳ್ಳೋಣ. ಆಗ ಬೆರಳುಗಳು ಕೆಳಮುಖವಾಗಿರುತ್ತವೆ, ಅಂಗಾಲು ಒಳಕ್ಕೆ ತಿರುಗಿರುತ್ತದೆ. ಕೀಲಿನ ಒಳಗಿರುವ ಟೇಲಸ್ ಎಂಬ ಮೂಳೆ ಮುಂದೆ ಅಗಲವಾಗಿಯೂ ಹಿಂದೆ ಕಿರಿದಾಗಿಯೂ ಇರುವುದರಿಂದ, ಬೆರಳುಗಳು ಕೆಳಗೆ ಚಾಚಿದ ಭಂಗಿಯಲ್ಲಿ ಅದರ ಕಿರಿದಾದ ಭಾಗ ಮಾತ್ರ ಕೀಲಿನ ಹಿಡಿತದಲ್ಲಿ ಉಳಿಯುತ್ತದೆ. ಮೂಳೆಗಳು ಕೊಡುತ್ತಿದ್ದ ಬಿಗಿ ತಪ್ಪಿ, ಮೈಯ ಇಡೀ ಭಾರ ಆ ಮುಂಬದಿಯ ರಜ್ಜುವಿನ ಮೇಲೆ ಬೀಳುತ್ತದೆ.

ಈ ಹೊರಳುವಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಪಾದವನ್ನು ಹೊರಕ್ಕೆ ಎಳೆದು ಕಾಪಾಡಬೇಕಾದ ಪೆರೋನಿಯಲ್ ಸ್ನಾಯುಗಳು ಎಚ್ಚೆತ್ತು ಬಲ ಹಾಕುವಷ್ಟರಲ್ಲಿ ರಜ್ಜು ಹರಿದಿರುತ್ತದೆ. ಎಂದರೆ, ಕಾಲು ನೆಲಕ್ಕೆ ತಾಕಿದ ಮೇಲಿನ ಪ್ರತಿಕ್ರಿಯೆಯನ್ನು ನೆಚ್ಚಿಕೊಂಡು ಕುಳಿತರೆ ಆಗದು. ನೆಲ ಮುಟ್ಟುವ ಮೊದಲೇ ಪಾದ ಸರಿಯಾದ ಭಂಗಿಯಲ್ಲಿರಬೇಕು. ವ್ಯಾಯಾಮಗಳಲ್ಲಿ ಇಳಿಯುವ ಅಭ್ಯಾಸಕ್ಕೆ ನಾನು ಹೆಚ್ಚು ಜಾಗ ಕೊಟ್ಟಿರುವುದು ಇದೇ ಕಾರಣಕ್ಕೆ.

ಅಸ್ಥಿರತೆಗೆ ಎರಡು ಮುಖಗಳಿವೆ. ಒಂದು, ರಜ್ಜು ಸಡಿಲವಾಗಿ ಕೀಲು ಮಿತಿಮೀರಿ ಅಲುಗುವುದು. ಇನ್ನೊಂದು, ಪಾದ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ವ್ಯವಸ್ಥೆಯೂ ಸ್ನಾಯುಗಳ ಹೊಂದಾಣಿಕೆಯೂ ಕೆಡುವುದು. ಕೆಲವರಲ್ಲಿ ಎರಡೂ ಇರುತ್ತವೆ. ಕೆಲವರ ರಜ್ಜು ಪರೀಕ್ಷೆಯಲ್ಲಿ ಬಿಗಿಯಾಗಿಯೇ ಇದ್ದರೂ ಕಾಲು ಮಾತ್ರ ಕೈಕೊಡುತ್ತಲೇ ಇರುತ್ತದೆ. ಅಸ್ಥಿರ ಕಣಕಾಲು ಇರುವವರು ಒಂಟಿಗಾಲಿನಲ್ಲಿ ಸಮತೋಲನ ಕಾಯ್ದುಕೊಳ್ಳಲು ಉಳಿದವರಿಗಿಂತ ಹೆಚ್ಚಾಗಿ ಕಣ್ಣನ್ನು ನೆಚ್ಚುತ್ತಾರೆ ಎಂಬುದು ಸಂಶೋಧಕರು ಗಮನಿಸಿರುವ ವಿಷಯ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಣ್ಣಿಗೆ ಬಿಡುವೇ ಇಲ್ಲ. ಅದು ಚೆಂಡಿನ ಮೇಲಿರಬೇಕು, ಬುಟ್ಟಿಯ ಬಳೆಯ ಮೇಲಿರಬೇಕು, ಎದುರಾಳಿಯ ಭುಜದ ಮೇಲಿರಬೇಕು. ಕನ್ನಡಿಯ ಮುಂದೆ ಚೆನ್ನಾಗಿ ನಿಲ್ಲುವ ಕಾಲು ಪಂದ್ಯದಲ್ಲಿ ಸೋಲುವುದಕ್ಕೆ ಇದೊಂದು ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ಹಂತ 1: ಉಳುಕಿದ ದಿನವೇ ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಿ

ಆಟಗಾರನನ್ನು ಅಂಕಣದಿಂದ ಹೊರಗೆ ಕರೆತಂದು ಕೂರಿಸಿ, ಶೂ ಮತ್ತು ಸಾಕ್ಸ್ ತೆಗೆಸಿ. ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು ವೈದ್ಯರು ದಶಕಗಳಿಂದ ಬಳಸುತ್ತಿರುವ ಒಟ್ಟಾವ ನಿಯಮಗಳು ಇಲ್ಲಿ ನೆರವಾಗುತ್ತವೆ. ಕಣಕಾಲಿನ ಎರಡೂ ಬದಿಯಲ್ಲಿ ಉಬ್ಬಿರುವ ಮೂಳೆಗಳ ಹಿಂಬದಿಯ ಅಂಚನ್ನು, ತುದಿಯಿಂದ ಮೇಲಕ್ಕೆ ಸುಮಾರು 6 ಸೆ.ಮೀ. ವರೆಗೆ, ಬೆರಳಿನಿಂದ ಒತ್ತಿ ನೋಡಬೇಕು. ಹಾಗೆಯೇ ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆಯನ್ನೂ, ಒಳಬದಿಯಲ್ಲಿ ಪಾದದ ಕಮಾನಿನ ಮೇಲ್ಭಾಗದ ಮೂಳೆಯನ್ನೂ ಒತ್ತಬೇಕು. ಈ ಜಾಗಗಳಲ್ಲಿ ಎಲ್ಲಿಯಾದರೂ ಮೂಳೆಯ ಮೇಲೆಯೇ ನೋವಿದ್ದರೆ ಅಥವಾ ಗಾಯವಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಬೇಕು. ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಟ್ಟರೆ ಅದು ಲೆಕ್ಕಕ್ಕೆ ಬರುತ್ತದೆ.

ಬೆಳೆಯುವ ವಯಸ್ಸಿನವರಲ್ಲಿ ಇನ್ನೊಂದು ಎಚ್ಚರ ಅಗತ್ಯ. ಮೂಳೆ ಉದ್ದವಾಗುವ ಬೆಳವಣಿಗೆಯ ಪಟ್ಟಿ ಹೊರಗಣ ಮೂಳೆಯ ತುದಿಗಿಂತ ಸ್ವಲ್ಪ ಮೇಲಿರುತ್ತದೆ, ಹದಿಹರೆಯ ಮುಗಿಯುವವರೆಗೂ ಅದು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅಲ್ಲಿಗೆ ಬಿದ್ದ ಪೆಟ್ಟು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣದೆಯೂ ಹೋಗಬಹುದು. ಹನ್ನೆರಡು ಹದಿಮೂರು ವರ್ಷದ ಮಗುವಿಗೆ ಆ ಜಾಗದಲ್ಲಿಯೇ ನೋವಿದ್ದರೆ ಚಿತ್ರದಲ್ಲಿ ಏನೂ ಇಲ್ಲವೆಂದು ಸುಮ್ಮನಾಗದೆ ಮೂಳೆ ತಜ್ಞರಿಗೆ ತೋರಿಸಬೇಕು.

ಮುರಿತವಿಲ್ಲವೆಂದು ಗೊತ್ತಾದ ಮೇಲೆ ಮೊದಲ ಎರಡು ಮೂರು ದಿನ ಕಾಲನ್ನು ಎತ್ತರದಲ್ಲಿಟ್ಟು, ಹದವಾದ ಬಿಗಿಯಲ್ಲಿ ಪಟ್ಟಿ ಕಟ್ಟಬೇಕು. ನೋವು ಕಡಿಮೆಯಾಗಲು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬಹುದು. ವಾರಗಟ್ಟಲೆ ಹಾಸಿಗೆಯಲ್ಲಿ ಕಳೆಯುವುದು ಮಾತ್ರ ಬೇಡ. ಸಹಿಸಬಹುದಾದ ಮಟ್ಟದಲ್ಲಿ ಪಾದವನ್ನು ಮೇಲೆ ಕೆಳಗೆ ಆಡಿಸುವುದನ್ನೂ ಬೆಂಬಲದೊಡನೆ ನಡೆಯುವುದನ್ನೂ ಬೇಗ ಆರಂಭಿಸಿದವರು, ಪೂರ್ಣ ವಿಶ್ರಾಂತಿ ಪಡೆದವರಿಗಿಂತ ಬೇಗ ಚೇತರಿಸಿಕೊಳ್ಳುತ್ತಾರೆ.

ಹಂತ 2: ಇದು ದೀರ್ಘಕಾಲೀನ ಅಸ್ಥಿರತೆಯೇ ಎಂದು ಗುರುತಿಸಿ

ಮೊದಲ ಉಳುಕು ಆಗಿ ಕನಿಷ್ಠ ಹನ್ನೆರಡು ತಿಂಗಳು ಕಳೆದಿದ್ದು, ಅದೇ ಕಾಲು ಮತ್ತೆ ಮತ್ತೆ ಉಳುಕುತ್ತಿದ್ದರೆ ಅಥವಾ ಆರು ತಿಂಗಳೊಳಗೆ ಕನಿಷ್ಠ ಎರಡು ಸಲ ಇದ್ದಕ್ಕಿದ್ದಂತೆ ಕೈಕೊಟ್ಟಿದ್ದರೆ ಅಥವಾ ಅದರ ಮೇಲೆ ನಂಬಿಕೆಯೇ ಹೊರಟುಹೋಗಿದ್ದರೆ ಈ ಹೆಸರು ಅನ್ವಯಿಸುತ್ತದೆ. ಕಂಬರ್‌ಲ್ಯಾಂಡ್ ಪ್ರಶ್ನಾವಳಿ ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಫಿಸಿಯೊಥೆರಪಿಸ್ಟರು ಇದಕ್ಕಾಗಿ ಬಳಸುತ್ತಾರೆ. ಅದರಲ್ಲಿ 30 ಅಂಕಗಳಿಗೆ 24 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಸ್ಥಿರತೆ ಇದೆಯೆಂದು ಪರಿಗಣಿಸುವುದು ರೂಢಿ.

ಮಕ್ಕಳು ಇದನ್ನೆಲ್ಲ ತಾವಾಗಿ ಹೇಳುವುದು ಅಪರೂಪ. ತಂಡದಿಂದ ಕೈಬಿಟ್ಟಾರು ಎಂಬ ಭಯವೇ ಅದಕ್ಕೆ ಕಾರಣ. ಆದ್ದರಿಂದ ತರಬೇತುದಾರರು ಕಣ್ಣಿಟ್ಟು ನೋಡಬೇಕು. ಲೇ-ಅಪ್‌ಗೆ (ಓಡಿಬಂದು ಬುಟ್ಟಿಯ ಹತ್ತಿರದಿಂದ ಚೆಂಡು ಹಾಕುವುದಕ್ಕೆ) ಯಾವಾಗಲೂ ಒಂದೇ ಕಾಲಿನಿಂದ ನೆಗೆಯುವುದು, ಗುಂಪಿನ ನಡುವೆ ರಿಬೌಂಡ್‌ಗೆ ನೆಗೆಯದೆ ಹಿಂದೆ ಉಳಿಯುವುದು, ಒಂದು ದಿಕ್ಕಿಗೆ ತಿರುಗುವಾಗ ಮಾತ್ರ ಒಂದು ಹೆಜ್ಜೆ ಹೆಚ್ಚು ತೆಗೆದುಕೊಳ್ಳುವುದು, ಅಭ್ಯಾಸದ ನಡುವೆ ನಿಂತು ಪಾದವನ್ನು ಸುತ್ತ ತಿರುಗಿಸಿ ಮತ್ತೆ ಓಡುವುದು: ಇವು ಮಾತಿಗಿಂತ ಸ್ಪಷ್ಟವಾದ ಸೂಚನೆಗಳು.

ಎಲ್ಲ ಉಳುಕಿನ ಹಿಂದೆಯೂ ಸಡಿಲ ರಜ್ಜುವೇ ಇರುತ್ತದೆಂದು ತಿಳಿಯಬಾರದು. ಪಾದ ಚಪ್ಪಟೆಯಾಗಿದ್ದು, ಬಿರುಸಾಗಿದ್ದು, ಅಂಗಾಲನ್ನು ಒಳಕ್ಕೆ ಹೊರಕ್ಕೆ ತಿರುಗಿಸಲು ಬಾರದ ಮಗುವಿಗೆ ಪದೇ ಪದೇ ಉಳುಕುತ್ತಿದ್ದರೆ, ಹುಟ್ಟಿನಿಂದಲೇ ಪಾದದ ಎರಡು ಮೂಳೆಗಳು ಬೆಸೆದುಕೊಂಡಿರುವ ಸಾಧ್ಯತೆಯಿದೆ. ಇಂಥ ಬೆಸುಗೆ ಗಟ್ಟಿಯಾಗುತ್ತಾ ಬಂದು ತೊಂದರೆ ಕೊಡಲು ಶುರುಮಾಡುವುದು ಸಾಮಾನ್ಯವಾಗಿ ಹದಿಹರೆಯದ ಆಸುಪಾಸಿನಲ್ಲಿ. ಕೀಲಿನ ಆಳದಲ್ಲಿ ನೋವಿದ್ದು, ಆಗಾಗ ಸಿಕ್ಕಿಹಾಕಿಕೊಂಡಂತಾಗಿ, ಊತ ತಿಂಗಳುಗಟ್ಟಲೆ ಉಳಿದರೆ ಟೇಲಸ್ ಮೂಳೆಯ ಮೇಲ್ಪದರದ ಮೃದ್ವಸ್ಥಿಗೆ ಪೆಟ್ಟಾಗಿರಬಹುದು. ಹೊರಗಣ ಮೂಳೆಯ ಹಿಂದೆ ಏನೋ ಟಕ್ಕೆಂದು ಜಾರಿದ ಅನುಭವವಾದರೆ ಪೆರೋನಿಯಲ್ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ತನ್ನ ಜಾಗ ಬಿಟ್ಟಿದೆಯೇ ಎಂದು ನೋಡಬೇಕು. ನೋವು ಕಣಕಾಲಿಗಿಂತ ಮೇಲೆ, ಕೆಳಗಾಲಿನ ಎರಡು ಎಲುಬುಗಳ ನಡುವೆ ಇದ್ದರೆ ಅದು ಬೇರೆಯದೇ ಬಗೆಯ ಉಳುಕು, ವಾಸಿಯಾಗಲು ಹೆಚ್ಚು ಸಮಯ ಬೇಡುವಂಥದ್ದು. ಇವು ಯಾವುವೂ ವ್ಯಾಯಾಮವೊಂದರಿಂದಲೇ ಸರಿಹೋಗುವಂಥವಲ್ಲವಾದ್ದರಿಂದ ಮೊದಲು ತಜ್ಞರ ಪರೀಕ್ಷೆ ಆಗಲೇಬೇಕು.

ಹಂತ 3: ವ್ಯಾಯಾಮಕ್ಕೆ ಮುನ್ನ ಅಳತೆ ತೆಗೆದಿಡಿ

ಎರಡೂ ಕಾಲುಗಳ ಅಳತೆಯನ್ನು ಒಂದು ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಬೇಕು. ಇದಕ್ಕೆ ಬೇಕಾಗುವುದು ಅಳತೆಪಟ್ಟಿ, ಗೋಡೆ ಮತ್ತು ಒಂದು ಗಡಿಯಾರ ಮಾತ್ರ.

ಮೊದಲನೆಯದು ಮೊಣಕಾಲನ್ನು ಗೋಡೆಗೆ ತಾಗಿಸುವ ಪರೀಕ್ಷೆ. ಬರಿಗಾಲಿನಲ್ಲಿ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ನೆಲ ಬಿಡದಂತೆ ಮೊಣಕಾಲನ್ನು ಮುಂದಕ್ಕೆ ಬಾಗಿಸಿ ಗೋಡೆಗೆ ಮುಟ್ಟಿಸಬೇಕು. ಮುಟ್ಟಿತೆಂದರೆ ಪಾದವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಪ್ರಯತ್ನಿಸಬೇಕು. ಹಿಮ್ಮಡಿ ಏಳದೆ ಮೊಣಕಾಲು ಗೋಡೆ ಮುಟ್ಟುವ ಕೊನೆಯ ಜಾಗದಲ್ಲಿ, ಹೆಬ್ಬೆರಳ ತುದಿಯಿಂದ ಗೋಡೆಗೆ ಎಷ್ಟು ದೂರವಿದೆಯೋ ಅದೇ ಅಳತೆ. ಬಹುತೇಕರಿಗೆ ಅದು 10 ಸೆ.ಮೀ. ಸುತ್ತಮುತ್ತ ಇರುತ್ತದೆ. ಎರಡು ಕಾಲುಗಳ ನಡುವೆ 2 ಸೆ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೀಲು ಬಿಗಿದುಕೊಂಡಿದೆ ಎಂದರ್ಥ. ಸಡಿಲವಾದ ಕಾಲಿಗೆ ಬಿಗಿತವೆಲ್ಲಿಂದ ಬಂತು ಎಂದು ಹಲವರು ಕೇಳುತ್ತಾರೆ. ಅಕ್ಕಪಕ್ಕಕ್ಕೆ ಮಿತಿಮೀರಿ ಅಲುಗುವ ಕೀಲೇ ಮುಂದಕ್ಕೆ ಬಾಗಲು ಒಲ್ಲೆನೆನ್ನುವುದು ಈ ತೊಂದರೆಯಲ್ಲಿ ಬಹಳ ಸಾಮಾನ್ಯ.

ಎರಡನೆಯದು ಒಂಟಿಗಾಲಿನಲ್ಲಿ ನಿಲ್ಲುವುದು. ಕೈಗಳನ್ನು ಸೊಂಟದ ಮೇಲಿಟ್ಟು, ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ ಮೂವತ್ತು ಸೆಕೆಂಡು ನಿಲ್ಲಿಸಿ, ಪಾದದ ಹತ್ತಿರವೇ ಕುಳಿತು ನೋಡಿ. ಗಟ್ಟಿಯಾದ ಕಾಲಿನಲ್ಲಿ ಅಂಗಾಲು ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಪಾದದ ಮೇಲ್ಭಾಗದ ಸ್ನಾಯುರಜ್ಜುಗಳು ಸಣ್ಣಗೆ ಮಿಡುಕುತ್ತವೆ ಅಷ್ಟೆ. ಅಸ್ಥಿರ ಕಾಲಿನಲ್ಲಿ ಆ ಸ್ನಾಯುರಜ್ಜುಗಳು ಎದ್ದು ಬಿದ್ದು ಕುಣಿಯುತ್ತವೆ, ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಹೆಬ್ಬೆರಳ ಬುಡ ಮೇಲೆದ್ದು ಭಾರವೆಲ್ಲ ಪಾದದ ಹೊರ ಅಂಚಿಗೆ ಜಾರುತ್ತದೆ. ಪಾದದ ಯಾವುದೇ ಭಾಗ ನೆಲ ಬಿಟ್ಟದ್ದು ಎಷ್ಟು ಸಲ ಎಂದು ಎಣಿಸಿ ಬರೆದುಕೊಳ್ಳಿ.

ಮೂರನೆಯದರಲ್ಲಿ ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಸಮತೋಲನ ತಪ್ಪದಂತೆ ನೇರ ಮುಂದಕ್ಕೆ ಎಷ್ಟು ದೂರ ಚಾಚಬಹುದೆಂದು ಅಳೆಯಬೇಕು. ಪ್ರೌಢಶಾಲಾ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಎಡಬಲಗಳ ನಡುವೆ 4 ಸೆ.ಮೀ.ಗಿಂತ ಹೆಚ್ಚು ಅಂತರವಿದ್ದವರಿಗೆ ಕಾಲಿನ ಗಾಯವಾಗುವ ಸಂಭವ ಎರಡೂವರೆ ಪಟ್ಟಿತ್ತು. ನಾಲ್ಕನೆಯದು, 30 ಸೆ.ಮೀ. ಅಂತರದ ಎರಡು ಗೆರೆಗಳ ಆಚೆ ಈಚೆ ಒಂಟಿಗಾಲಿನಲ್ಲಿ ಹತ್ತು ಸಲ ಹೋಗಿ ಬರುವಂತೆ ನೆಗೆದು ಎಷ್ಟು ಸೆಕೆಂಡಾಯಿತೆಂದು ನೋಡುವುದು. ಇದನ್ನು ನೋವಿಲ್ಲದೆ ನಡೆದಾಡಲು ಬಂದ ಮೇಲಷ್ಟೇ ಮಾಡಬೇಕು.

ಒಂದು ಕಾಲನ್ನು ಇನ್ನೊಂದಕ್ಕೆ ಹೋಲಿಸುವ ಈ ಕ್ರಮಕ್ಕೆ ಒಂದು ಮಿತಿಯಿದೆ. ಎರಡೂ ಕಣಕಾಲುಗಳು ಉಳುಕಿರುವ ಆಟಗಾರರು ಕಡಿಮೆಯೇನಿಲ್ಲ. ಅಂಥವರಲ್ಲಿ ಅಳತೆ ಸರಿಸಮವಾಗಿ ಬಂದರೂ ಎರಡೂ ದುರ್ಬಲವೇ ಆಗಿರಬಹುದು. ಆಗ ಗಾಯವಿಲ್ಲದ ಸಮವಯಸ್ಕ ಸಹ ಆಟಗಾರರ ಅಳತೆಯೊಡನೆ ಹೋಲಿಸುವುದು ಮೇಲು.

ಹಂತ 4: ಬಿಗಿತ ಬಿಡಿಸಿ, ಬಲ ತುಂಬಿ

ಕೀಲು ಮುಂದಕ್ಕೆ ಬಾಗದಿದ್ದರೆ ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮವನ್ನು ಮೊಣಕಾಲು ನೇರವಿಟ್ಟೂ ಬಾಗಿಸಿಯೂ ಮಾಡಬೇಕು. ಪರೀಕ್ಷೆಗೆ ಬಳಸಿದ ಗೋಡೆಯ ವ್ಯಾಯಾಮವನ್ನೇ ದಿನವೂ ಹತ್ತು ಹದಿನೈದು ಸಲ ನಿಧಾನವಾಗಿ ಮಾಡಿದರೂ ನಡೆಯುತ್ತದೆ. ಹಾಗೆ ಮಾಡಿಯೂ ಕೀಲಿನ ಮುಂಭಾಗದಲ್ಲಿ ಚುಚ್ಚಿದಂತೆ ತಡೆ ಅನ್ನಿಸಿದರೆ, ಕೈಯಿಂದ ಕೀಲನ್ನು ಸಡಿಲಿಸಬಲ್ಲ ಫಿಸಿಯೊಥೆರಪಿಸ್ಟರ ನೆರವು ಬೇಕು.

ಬಲಕ್ಕಾಗಿ ವಾರಕ್ಕೆ ಮೂರು ದಿನ ಸಾಕು. ಕುಳಿತು, ಪಾದಕ್ಕೆ ರಬ್ಬರ್ ಪಟ್ಟಿ ಸಿಕ್ಕಿಸಿ, ಅಂಗಾಲನ್ನು ಹೊರಕ್ಕೆ ತಿರುಗಿಸಿ ಎಳೆದು, ಮರಳುವಾಗ ಎಳೆಯಲು ಹಿಡಿದದ್ದರ ಇಮ್ಮಡಿ ಸಮಯ ತೆಗೆದುಕೊಳ್ಳಬೇಕು. ಹನ್ನೆರಡು ಸಲದಂತೆ ಮೂರು ಸರದಿ ಮಾಡಿ, ಒಳಕ್ಕೆ ಎಳೆಯುವುದನ್ನೂ ಮೇಲಕ್ಕೆ ಎತ್ತುವುದನ್ನೂ ಸೇರಿಸಿಕೊಳ್ಳಿ. ಆಮೇಲೆ ತುದಿಗಾಲಿನಲ್ಲಿ ಏಳುವುದು: ಮೊದಲು ಎರಡೂ ಕಾಲಿನಲ್ಲಿ, ನಂತರ ಒಂಟಿಗಾಲಿನಲ್ಲಿ. ಮೇಲೇರಿದಾಗ ಹಿಮ್ಮಡಿ ಹೊರಕ್ಕೆ ವಾಲದೆ, ಭಾರ ಹೆಬ್ಬೆರಳ ಬುಡದ ಮೇಲೆಯೇ ಉಳಿಯಬೇಕು. ಒಂಟಿಗಾಲಿನಲ್ಲಿ ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಏಳಲು ಬಾರದ ಆಟಗಾರನನ್ನು ನೆಗೆಯುವ ಅಭ್ಯಾಸಕ್ಕೆ ಕಳುಹಿಸಲು ನಾನು ಒಪ್ಪುವುದಿಲ್ಲ.

ಕಣಕಾಲಿನ ತೊಂದರೆಗೆ ಸೊಂಟದ ವ್ಯಾಯಾಮವೇಕೆ ಎಂದು ಮಕ್ಕಳು ಬೇಸರಪಡುತ್ತಾರೆ. ಪಾದ ಎಲ್ಲಿ ಊರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಸೊಂಟದ ಪಕ್ಕದ ಸ್ನಾಯುಗಳು, ಮತ್ತು ಅಸ್ಥಿರ ಕಣಕಾಲು ಇರುವವರಲ್ಲಿ ಇವು ದುರ್ಬಲವಾಗಿರುವುದು ಕಂಡುಬಂದಿದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರ ಸ್ಟೀಫನ್ ಕರಿ ಅವರ ಉದಾಹರಣೆ ಇಲ್ಲಿ ಹೊಂದುತ್ತದೆ. ಬಲ ಕಣಕಾಲಿನ ಗಾಯಗಳಿಂದ 2011ರಲ್ಲಿಯೂ 2012ರಲ್ಲಿಯೂ ಅವರು ಶಸ್ತ್ರಚಿಕಿತ್ಸೆಗೆ ಒಳಗಾದರು. 2011-12ರ ಎನ್‌ಬಿಎ ಋತುವಿನಲ್ಲಿ ಅವರಿಗೆ ಆಡಲಾದದ್ದು 26 ಪಂದ್ಯಗಳಷ್ಟೇ. ಆ ನಂತರದ ತರಬೇತಿಯಲ್ಲಿ ಸೊಂಟ ಮತ್ತು ತೊಡೆಗಳ ಬಲಕ್ಕೆ ವಿಶೇಷ ಒತ್ತು ಕೊಟ್ಟು, ದಿಕ್ಕು ಬದಲಿಸುವಾಗಿನ ಹೊರೆ ಕಣಕಾಲಿನ ಮೇಲೆಯೇ ಬೀಳದಂತೆ ನೋಡಿಕೊಳ್ಳಲಾಯಿತು. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಮೊಣಕಾಲಿನ ಮೇಲೆ ಪಟ್ಟಿ ಹಾಕಿಕೊಂಡು ಪಕ್ಕಕ್ಕೆ ಹೆಜ್ಜೆ ಹಾಕುವುದು, ಒಂಟಿಗಾಲಿನಲ್ಲಿ ಸೊಂಟದಿಂದ ಬಾಗಿ ಏಳುವುದು, ಇಷ್ಟರಿಂದ ಆರಂಭಿಸಬಹುದು.

ಹಂತ 5: ಸಮತೋಲನವನ್ನು ಕಣ್ಣಿನಿಂದ ಬಿಡಿಸಿ ಪಾದಕ್ಕೆ ಒಪ್ಪಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸಲು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಅಮೆರಿಕದ ಪ್ರೌಢಶಾಲೆಗಳ 765 ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಮತೋಲನದ ಅಭ್ಯಾಸ ಮಾಡಿದವರಲ್ಲಿ ಶೇ 6.1ರಷ್ಟು ಮಂದಿಗೆ ಕಣಕಾಲು ಉಳುಕಿದರೆ, ಮಾಡದವರಲ್ಲಿ ಶೇ 9.9ರಷ್ಟು ಮಂದಿಗೆ ಉಳುಕಿತು. ಆ ಅಭ್ಯಾಸ ಋತು ಆರಂಭಕ್ಕೆ ಮುನ್ನ ನಾಲ್ಕು ವಾರ, ವಾರಕ್ಕೆ ಐದು ದಿನ ನಡೆದು, ಋತುವಿನುದ್ದಕ್ಕೂ ವಾರಕ್ಕೆ ಮೂರು ಸಲ ಹತ್ತು ನಿಮಿಷದಂತೆ ಮುಂದುವರಿದಿತ್ತು. ಇದಕ್ಕೆ ದುಬಾರಿ ಉಪಕರಣವೇನೂ ಬೇಡ.

ಮೊದಲ ವಾರ ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ಒಂಟಿಗಾಲಲ್ಲಿ ಮೂವತ್ತು ಸೆಕೆಂಡು ನಿಲ್ಲಬೇಕು. ಮೊಣಕಾಲು ಸ್ವಲ್ಪ ಬಾಗಿರಲಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರೂ ನೆಲದ ಮೇಲಿರಲಿ. ಕಣ್ಣು ತೆರೆದು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲಬೇಕು. ಕಣ್ಣು ಮುಚ್ಚಿದಾಗ ಹತ್ತಿರದಲ್ಲಿ ಗೋಡೆಯೋ ಜೊತೆಗಾರರೋ ಇರಲೇಬೇಕು. ಮೂರನೆಯ ವಾರದ ಹೊತ್ತಿಗೆ ಮೆತ್ತನೆಯ ಫೋಮ್ ಹಾಸಿನ ಮೇಲೆ, ಮುಂದೆ ಸಮತೋಲನದ ಹಲಗೆಯ ಮೇಲೆ ಇದನ್ನೇ ಮಾಡಬಹುದು. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಮುಂದೆ, ಹಿಂದೆ, ಪಕ್ಕಕ್ಕೆ, ಓರೆಯಾಗಿ ಚಾಚಿ ನೆಲ ಸವರಿ ಮರಳುವುದೂ ಸೇರಲಿ.

ಆಟದ ಬೇಡಿಕೆ ಶುರುವಾಗುವುದು ಇದರ ಮುಂದೆ. ಒಂಟಿಗಾಲಿನಲ್ಲಿ ನಿಂತ ಆಟಗಾರನಿಗೆ ಎದೆಯ ಮಟ್ಟಕ್ಕೆ, ಆಮೇಲೆ ತಲೆಯ ಮೇಲಕ್ಕೆ, ಪಕ್ಕಕ್ಕೆ ಚೆಂಡು ಎಸೆಯಿರಿ. ನಿಂತಲ್ಲೇ ಎರಡೂ ಕೈಯಲ್ಲಿ ಡ್ರಿಬಲ್ ಮಾಡಿಸಿ. ಡ್ರಿಬಲ್ ಮಾಡುತ್ತಿರುವಾಗ ಎದುರಿಗೆ ನಿಂತು ನೀವು ತೋರಿಸುವ ಬೆರಳುಗಳೆಷ್ಟು ಎಂದು ಗಟ್ಟಿಯಾಗಿ ಹೇಳಿಸಿ. ಆಗ ಕಣ್ಣು ನಿಮ್ಮ ಬೆರಳಿಗೆ ಕಟ್ಟುಬಿದ್ದು, ಪಾದ ತನ್ನ ಕೆಲಸವನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ. ಕೇವಲ ನಿಂತಾಗ ಒಂದೂ ತಪ್ಪು ಮಾಡದ ಹುಡುಗಿ ಲೆಕ್ಕ ಹೇಳಲು ಹೊರಟ ಕೂಡಲೇ ಪಾದದ ಹೊರ ಅಂಚಿಗೆ ಜಾರಿದರೆ, ಅವಳು ಇನ್ನೂ ಪಂದ್ಯಕ್ಕೆ ಸಿದ್ಧಳಾಗಿಲ್ಲವೆಂದು ತಿಳಿಯಿರಿ.

ಹಂತ 6: ನೆಲಕ್ಕಿಳಿಯುವುದನ್ನು ಹೊಸದಾಗಿ ಕಲಿಸಿ

ಮೇಲೆ ಹೇಳಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಗಾಯಗಳು ನೆಗೆದು ಇಳಿಯುವಾಗಲೇ ಆಗಿದ್ದವು. ಎಷ್ಟು ಎತ್ತರ ನೆಗೆಯಬೇಕೆಂದು ಕಲಿಸಲು ನಾವು ಕೊಡುವ ಸಮಯದ ಒಂದು ಪಾಲನ್ನು ಇಳಿಯುವುದಕ್ಕೂ ಕೊಡಬೇಕು.

ಸುಮಾರು 20 ಸೆ.ಮೀ. ಎತ್ತರದ ಮೆಟ್ಟಿಲಿನಿಂದ ಎರಡೂ ಕಾಲುಗಳ ಮೇಲೆ ಇಳಿಸುವುದರಿಂದ ಆರಂಭಿಸಿ. ಪಾದಗಳು ಸೊಂಟದಷ್ಟು ಅಗಲವಾಗಿರಲಿ, ಮೊಣಕಾಲು ಬೆರಳುಗಳ ನೇರಕ್ಕೆ ಬಾಗಲಿ, ಸೊಂಟ ಹಿಂದಕ್ಕೆ ಕೂರಲಿ, ಇಳಿದ ಭಂಗಿಯಲ್ಲೇ ಮೂರು ಎಣಿಸುವವರೆಗೆ ಅಲುಗದೆ ನಿಲ್ಲಲಿ. ಕಿವಿಗೊಟ್ಟು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ: ಧಪ್ಪೆಂದು ಸದ್ದಾದರೆ ಕೀಲುಗಳು ಬಾಗಿಲ್ಲ, ಸದ್ದು ಮೆತ್ತಗಿದ್ದರೆ ಸ್ನಾಯುಗಳು ಭಾರ ಹೊತ್ತಿವೆ. ಇದು ಹಿಡಿತಕ್ಕೆ ಬಂದ ಮೇಲೆ ಒಂಟಿಗಾಲಿನಲ್ಲಿ ಮುಂದಕ್ಕೆ, ಪಕ್ಕಕ್ಕೆ, ಓರೆಯಾಗಿ, ಕೊನೆಗೆ ಗಾಳಿಯಲ್ಲೇ ಕಾಲು ಸುತ್ತು ತಿರುಗಿ ಇಳಿಯುವುದನ್ನು ಕ್ರಮವಾಗಿ ಸೇರಿಸಬೇಕು. ಇವೆಲ್ಲ ಸುಗಮವಾದ ಮೇಲೆಯೇ ಚೆಂಡು ಹಿಡಿದು ಇಳಿಯುವುದು, ನೆಗೆದಾಗ ಜೊತೆಗಾರರು ಭುಜಕ್ಕೆ ಮೆಲ್ಲಗೆ ತಳ್ಳಿದರೂ ಸರಿಯಾಗಿ ಇಳಿಯುವುದು ಬರುತ್ತದೆ. ಒಂದು ದಿನದಲ್ಲಿ ನೆಗೆತಗಳ ಸಂಖ್ಯೆಯನ್ನು ಏಕಾಏಕಿ ಹೆಚ್ಚಿಸದೆ, ಮರುದಿನ ಬೆಳಿಗ್ಗೆ ಊತವೋ ಬಿಗಿತವೋ ಕಾಣಿಸಿದರೆ ಹಿಂದಿನ ಮಟ್ಟಕ್ಕೆ ಇಳಿಯಬೇಕು.

ಇನ್ನೊಬ್ಬರ ಪಾದದ ಮೇಲೆ ಇಳಿಯುವುದನ್ನು ಯಾವ ವ್ಯಾಯಾಮವೂ ಪೂರ್ತಿ ತಪ್ಪಿಸದು. ಅದು ಶಿಸ್ತಿನ ಪ್ರಶ್ನೆ. ನೆಗೆದ ಆಟಗಾರನಿಗೆ ತಾನು ನೆಗೆದ ಜಾಗದಲ್ಲೇ ಮತ್ತೆ ಇಳಿಯುವ ಹಕ್ಕಿದೆ, ಅವನು ಗಾಳಿಯಲ್ಲಿರುವಾಗ ಎದುರಾಳಿ ಅವನ ಕೆಳಗೆ ನುಗ್ಗುವಂತಿಲ್ಲ ಎಂದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ನಿನ ನಿಯಮಗಳು ಹೇಳುತ್ತವೆ. ಅಭ್ಯಾಸ ಪಂದ್ಯದಲ್ಲಿ ತರಬೇತುದಾರರು ಇದನ್ನು ನೋಡಿಯೂ ಸೀಟಿ ಊದದೆ ಬಿಡುವುದು ಸರಿಯಲ್ಲ.

ಹಂತ 7: ಬ್ರೇಸ್, ಟೇಪ್ ಮತ್ತು ಶೂ

ಲೇಸ್ ಕಟ್ಟುವ ಬ್ರೇಸ್‌ಗಳ (ಕಣಕಾಲನ್ನು ಬಿಗಿದಿಡುವ ಆಸರೆಪಟ್ಟಿಗಳ) ಪರವಾಗಿ ಗಟ್ಟಿಯಾದ ಪುರಾವೆ ಇದೆ. 1,460 ಪ್ರೌಢಶಾಲಾ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಅಭ್ಯಾಸ ಮತ್ತು ಪಂದ್ಯ ಸೇರಿ ಪ್ರತಿ ಸಾವಿರ ಹಾಜರಿಗೆ ಕಣಕಾಲಿನ ಹೊಸ ಗಾಯಗಳು ಬ್ರೇಸ್ ಧರಿಸಿದವರಲ್ಲಿ 0.47, ಧರಿಸದವರಲ್ಲಿ 1.41ರಷ್ಟಿದ್ದವು. ಹಿಂದೆ ಗಾಯವಾದವರಿಗೂ ಆಗದವರಿಗೂ ಪ್ರಯೋಜನವಾಗಿತ್ತು. ಆದರೆ ಗಾಯವಾದಾಗ ಅದರ ತೀವ್ರತೆ ಬ್ರೇಸ್‌ನಿಂದ ಕಡಿಮೆಯಾಗಿರಲಿಲ್ಲ. ಟೇಪ್ ಕೂಡ ಒಳ್ಳೆಯದೇ, ಆದರೆ ಇಪ್ಪತ್ತು ಮೂವತ್ತು ನಿಮಿಷದ ಓಟದಲ್ಲಿ ಅದರ ಬಿಗಿ ಬಹುಪಾಲು ಸಡಿಲವಾಗುತ್ತದೆ. ಪ್ರತಿಸಲವೂ ಪಳಗಿದ ಕೈಯೇ ಅದನ್ನು ಸುತ್ತಬೇಕು. ಯುವ ತಂಡಗಳಿಗೆ ಬ್ರೇಸ್ ಹೆಚ್ಚು ಅನುಕೂಲ.

ಬ್ರೇಸ್ ಹಾಕಿದರೆ ಸ್ನಾಯು ಸೊರಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬ್ರೇಸ್ ಇದೆಯೆಂದು ವ್ಯಾಯಾಮ ಬಿಡುವುದೇ ನಿಜವಾದ ಅಪಾಯ. ಸಮತೋಲನದ ಅಭ್ಯಾಸವನ್ನು ಬ್ರೇಸ್ ಇಲ್ಲದೆ ಮಾಡಿ, ಆಟಕ್ಕೆ ಇಳಿಯುವಾಗ ಧರಿಸುವುದು ಸರಿಯಾದ ಪದ್ಧತಿ. ಉಳುಕಿದ ನಂತರ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಹೀಗೆ ಮಾಡಬೇಕು. ಶೂ ವಿಷಯದಲ್ಲಿ, ಎತ್ತರದ ಕತ್ತು ಇದ್ದ ಮಾತ್ರಕ್ಕೆ ಉಳುಕು ತಪ್ಪುತ್ತದೆಂದು ಅಧ್ಯಯನಗಳು ಖಚಿತವಾಗಿ ತೋರಿಸಿಲ್ಲ. ಹಿಮ್ಮಡಿ ಅಲುಗದೆ ಕೂರುವ, ಅಟ್ಟೆಯ ಹೊರ ಅಂಚು ಸವೆಯದ ಶೂ ಇದ್ದರಾಯಿತು.

ಹಂತ 8: ಅಂಕಣಕ್ಕೆ ಮರಳುವ ಕ್ರಮ

ಎಷ್ಟು ವಾರವಾಯಿತು ಎಂಬ ಎಣಿಕೆಯೊಂದರಿಂದಲೇ ನಿರ್ಧಾರ ಮಾಡಬಾರದು. ಮೂರನೆಯ ಹಂತದ ಅಳತೆಗಳನ್ನು ಮತ್ತೆ ತೆಗೆದು, ಗೋಡೆಯ ಪರೀಕ್ಷೆಯ ವ್ಯತ್ಯಾಸ 2 ಸೆ.ಮೀ. ಒಳಗೆ, ಚಾಚುವ ಪರೀಕ್ಷೆಯ ವ್ಯತ್ಯಾಸ 4 ಸೆ.ಮೀ. ಒಳಗೆ ಬಂದಿದೆಯೇ, ನೆಗೆಯುವ ಪರೀಕ್ಷೆಗಳಲ್ಲಿ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಸಾಧ್ಯವಾಗಿದೆಯೇ ಎಂದು ನೋಡಿ. ನಂತರ ನೇರ ಓಟ, ಎಂಟರ ಆಕಾರದ ಓಟ, ಏಕಾಏಕಿ ನಿಂತು ದಿಕ್ಕು ಬದಲಿಸುವುದು, ಒಬ್ಬರೇ ನೆಗೆದು ಶೂಟ್ ಮಾಡುವುದು, ಮೈ ತಾಗದ ಅಭ್ಯಾಸ, ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ ಎಂಬ ಅನುಕ್ರಮದಲ್ಲಿ ಮುಂದುವರಿಯಬೇಕು. ಪ್ರತಿ ಮೆಟ್ಟಿಲಿನ ಮರುದಿನ ಕಾಲು ಹೇಗಿದೆ ಎಂಬುದೇ ಮುಂದಿನ ಮೆಟ್ಟಿಲಿಗೆ ಅನುಮತಿ.

ಆಟಗಾರರನ್ನೇ ನೇರವಾಗಿ ಕೇಳುವುದು ಕೂಡ ಪರೀಕ್ಷೆಯ ಭಾಗ. “ಈ ಕಾಲಿನ ಮೇಲೆ ನಿನಗೆ ನಂಬಿಕೆ ಇದೆಯಾ?” ಎಂದು ತಂಡದ ಎದುರಿಗಲ್ಲದೆ ಒಬ್ಬರನ್ನೇ ಕರೆದು ಕೇಳಿ, ಉತ್ತರಕ್ಕೆ ತಡವರಿಸಿದರೆ ಇನ್ನೊಂದು ವಾರ ಕಾಯಿರಿ. ಅಳತೆಯಲ್ಲಿ ಪಾಸಾಗಿ ಮನಸ್ಸಿನಲ್ಲಿ ಅಳುಕು ಉಳಿಸಿಕೊಂಡ ಆಟಗಾರ ಕಾಲನ್ನು ಬಿಗಿಹಿಡಿದು ಇಳಿಯುತ್ತಾನೆ, ಅದು ಅವನಿಗೂ ಅವನ ಮೊಣಕಾಲಿಗೂ ಒಳ್ಳೆಯದಲ್ಲ.

ಹಂತ 9: ವ್ಯಾಯಾಮದಿಂದ ಸರಿಹೋಗದಿದ್ದರೆ

ಮೂರರಿಂದ ಆರು ತಿಂಗಳು ನಿಷ್ಠೆಯಿಂದ ಅಭ್ಯಾಸ ಮಾಡಿಯೂ ಕಾಲು ಕೈಕೊಡುತ್ತಿದ್ದರೆ ಮೂಳೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಅವರು ಕೈಯಿಂದ ಕೀಲಿನ ಸಡಿಲಿಕೆಯನ್ನು ಪರೀಕ್ಷಿಸಿ, ಭಾರ ಹೊತ್ತು ನಿಂತ ಭಂಗಿಯಲ್ಲಿ ಎಕ್ಸ್‌ರೇ ತೆಗೆಸಿ, ಅಗತ್ಯವಿದ್ದರೆ ಎಂಆರ್‌ಐ ಮಾಡಿಸುತ್ತಾರೆ. ಎಂಆರ್‌ಐಯಲ್ಲಿ ರಜ್ಜು ಹರಿದದ್ದು ಕಂಡ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಅನಿವಾರ್ಯವಲ್ಲ, ಹಳೆಯ ಹರಿತವಿದ್ದೂ ಚೆನ್ನಾಗಿ ಆಡುವವರಿದ್ದಾರೆ. ಲಕ್ಷಣ, ಕೈಯ ಪರೀಕ್ಷೆ, ಚಿತ್ರ ಮೂರೂ ಒಂದೇ ಮಾತು ಹೇಳಬೇಕು.

ಹೆಚ್ಚಾಗಿ ನಡೆಯುವುದು ಸ್ವೀಡನ್ನಿನ ಶಸ್ತ್ರಚಿಕಿತ್ಸಕ ಲೆನಾರ್ಟ್ ಬ್ರೋಸ್ಟ್ರಮ್ 1966ರಲ್ಲಿ ವಿವರಿಸಿದ, 1980ರಲ್ಲಿ ಗೌಲ್ಡ್ ಎಂಬ ಇನ್ನೊಬ್ಬ ಶಸ್ತ್ರಚಿಕಿತ್ಸಕರು ಸುಧಾರಿಸಿದ ವಿಧಾನ. ಇದರಲ್ಲಿ ಆಟಗಾರನ ಸ್ವಂತ ರಜ್ಜುವನ್ನೇ ಬಿಗಿದು ಹೊಲಿದು, ಪಕ್ಕದ ಅಂಗಾಂಶವನ್ನು ಅದರ ಮೇಲೆ ಆಸರೆಯಾಗಿ ಸೇರಿಸುತ್ತಾರೆ. ಬೆಳವಣಿಗೆಯ ಪಟ್ಟಿ ಇನ್ನೂ ತೆರೆದಿರುವ ಮಕ್ಕಳಲ್ಲಿ ಅದಕ್ಕೆ ಧಕ್ಕೆಯಾಗದಂತೆ ವಿಧಾನವನ್ನು ಬದಲಿಸಿಕೊಳ್ಳಬೇಕಾಗುವುದರಿಂದ, ಮಕ್ಕಳ ಕೀಲುಗಳಲ್ಲಿ ಅನುಭವವಿರುವವರನ್ನೇ ಹುಡುಕಬೇಕು. ಪಂದ್ಯಕ್ಕೆ ಮರಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲೇ ಆ ತಿಂಗಳುಗಳಲ್ಲಿ ಅಭ್ಯಾಸ ಮಾಡಿಸುವ ಫಿಸಿಯೊಥೆರಪಿಸ್ಟರು ಯಾರು, ಯಾವ ವಾರದಿಂದ ಭಾರ ಹಾಕಬಹುದು, ಯಾವಾಗ ನೆಗೆತ ಆರಂಭಿಸಬಹುದು ಎಂಬುದನ್ನು ಶಸ್ತ್ರಚಿಕಿತ್ಸಕರಿಂದ ಬರಹದಲ್ಲಿ ಪಡೆದುಕೊಳ್ಳಿ. ರಜ್ಜು ಬಿಗಿಯಾದರೂ ಸಮತೋಲನ ತಾನಾಗಿ ಮರಳುವುದಿಲ್ಲವಾದ್ದರಿಂದ ನಾಲ್ಕು, ಐದು ಮತ್ತು ಆರನೆಯ ಹಂತಗಳನ್ನು ಆಗ ಮೊದಲಿನಿಂದ ಮಾಡಬೇಕಾಗುತ್ತದೆ.